ನಡೆದಾಡುವ ಗಸಗಸೆ

ವೆಂಡಾ ಮಾವನ ಪ್ರಕಾರ ನಮ್ಮೂರು ಯೆದ್ಲಿನಾದ ತೊಗಟೆಹುಳುಗಳೆಲ್ಲ ಜನವರಿಯ ಚಳಿಗೇ ಸತ್ತುಹೋಗಿದ್ದವು. ಇದನ್ನು ಅವರು ಊರಿನ ಪಬ್‌ನಲ್ಲಿ, ಒಲೆಗೆ ಬೆನ್ನು ಮಾಡಿ ಕುಳಿತು, ಮನೆಯ ಗೋಡೆಯಿಂದ ಕಿತ್ತು ತಂದಿದ್ದ ಥರ್ಮಾಮೀಟರನ್ನು ಮೇಜಿನ ಮೇಲೆ ಇಟ್ಟು ಸಾರಿದರು. ಒಲೆಯ ಶಾಖಕ್ಕೆ ಅದು ಇಪ್ಪತ್ತೇಳು ಡಿಗ್ರಿ ತೋರಿಸುತ್ತಿತ್ತು. ಆದರೂ ಎಲ್ಲರೂ ತಲೆಯಾಡಿಸಿದರು.

"ಮೈನಸ್ ಇಪ್ಪತ್ತೆರಡು! ಕಣ್ಣಾರೆ ನೋಡಿದೀನಿ. ಅಂಥಾ ಚಳೀಲಿ ಹುಳ ಬದುಕುತ್ತಾ? ನನ್ನ ಟ್ರ್ಯಾಕ್ಟರೇ ಬದುಕಲಿಲ್ಲ!"

ಭಾನುವಾರದ ಊಟಕ್ಕೆ ಜಗ್‌ನಲ್ಲಿ ಬಿಯರ್ ತುಂಬಿಸಿಕೊಳ್ಳಲು ಹೋಗಿದ್ದ ನಾನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ.

"ಮಾವ, ಮರಿಹುಳ ಸಾಯುತ್ತೆ, ನಿಜ. ಬೆಳೆದ ದುಂಬಿ ಸಾಯಲ್ಲ. ಮೈಯೊಳಗಿನ ನೀರನ್ನೇ ಗಟ್ಟಿಯಾಗದ ಹಾಗೆ ಮಾಡ್ಕೊಂಡು ಮಲಗುತ್ತೆ. ನಿಮ್ಮ ಟ್ರ್ಯಾಕ್ಟರಿಗೆ ಚಳಿಗಾಲದಲ್ಲಿ ಹಸಿರು ದ್ರವ ಹಾಕ್ತೀರಲ್ಲ, ಹಂಗೆ."

"ಹಾಕ್ಲಿಲ್ಲ ಕಣಮ್ಮ ಇವೊನಾ, ಮರ್ತುಬಿಟ್ಟೆ. ಅದಕ್ಕೇ ಸತ್ತಿದ್ದು," ಎಂದರು ವೆಂಡಾ ಮಾವ. ಪಬ್ಬಿಗೆ ಪಬ್ಬೇ ನಕ್ಕಿತು. "ತೊಗಟೆ ಎಬ್ಬಿಸಿ ನೋಡಿದೀನಿ. ಕಡ್ಡೀಲಿ ತಿವಿದೆ. ಒಂದೂ ಅಲುಗಲಿಲ್ಲ."

"ಎಷ್ಟು ಚಳೀಲಿ ತಿವಿದ್ರಿ?"

"ಮೈನಸ್ ಹನ್ನೆರಡು."

"ಮೈನಸ್ ಹನ್ನೆರಡರಲ್ಲಿ ನಿಮ್ಮನ್ನ ತಿವಿದ್ರೂ ನೀವು ಅಲುಗಲ್ಲ."

ಈ ಸಲ ನಗು ನನ್ನ ಕಡೆಗೆ ಬಂತು. ಆದರೆ ನಗುವಿನಿಂದ ಮರದ ತೊಗಟೆ ಸುಲಿಯುವುದಿಲ್ಲವಲ್ಲ.

ವೆಂಡೆಲಿನ್ ಕುಬಿಶ್ತಾ ನಮ್ಮ ಪಕ್ಕದ ಮನೆಯವರು. ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ ನಾಯಕರು. ಊರಿನ ಅರ್ಧ ಜನಕ್ಕೆ ಅವರು ವೆಂಡಾ ಮಾವ. ಹೋದ ಬೇಸಿಗೆಯಲ್ಲಿ ಅವರ ಸೂಜಿಎಲೆಯ ಸ್ಪ್ರೂಸ್ ಮರಗಳಿಗೆ ಹುಳು ಬಿತ್ತು. ಅಕ್ಟೋಬರಿನಲ್ಲಿ ಕಡಿಸಿದರು, ಅದು ಒಳ್ಳೆಯದೇ. ಆದರೆ ದಿಮ್ಮಿಗಳನ್ನು, ಹುಳು ಅಡಗುವ ತೊಗಟೆ ಸಮೇತ, ತಂದು ನಮ್ಮ ಗಡಿಯ ಚರಂಡಿಗೆ ತಾಗಿಸಿ ಪೇರಿಸಿದರು. ಕೊಳ್ಳುವವನ ಲಾರಿ ಬರುವುದು ದಾರಿ ಒಣಗಿದ ಮೇಲೆ, ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಮೈಮುರಿದು ತೊಗಟೆ ಸುಲಿಯುವುದು ಯಾರಿಗೆ ಬೇಕು?

ಚರಂಡಿಯ ಈಚೆಗೆ ನಮ್ಮದೊಂದು ಸ್ಪ್ರೂಸ್ ತೋಪಿದೆ. ನನ್ನ ಗಂಡನ ಅಪ್ಪ ನೆಟ್ಟದ್ದು. ಐದಾರು ವರ್ಷಗಳ ಹಿಂದೆ ನಮ್ಮ ಗುಡ್ಡಕ್ಕೆ ಗುಡ್ಡವೇ ಕಪ್ಪಗೆ ಕಾಣುವಷ್ಟು ಕಾಡು ಇತ್ತು. ಹುಳು ತಿಂದು ತೇಗಿತು. ಈಗ ಗುಡ್ಡ ಕ್ಷೌರ ಮಾಡಿಸಿಕೊಂಡ ತಲೆಯ ಹಾಗಿದೆ. ಕಿವಿಯ ಪಕ್ಕ ಕ್ಷೌರಿಕ ಮರೆತುಬಿಟ್ಟ ಕೂದಲಿನ ಹಾಗೆ ನಮ್ಮ ತೋಪು. ಬಡಗಣ ಗಾಳಿ ಮನೆಗೆ ನುಗ್ಗುವ ಮೊದಲು ಅಲ್ಲಿ ಎಡವುತ್ತದೆ. ಮಕ್ಕಳು ಅಣಬೆ ಹುಡುಕುವುದೂ, ಜಗಳವಾಡಿ ಅಡಗಿ ಕೂರುವುದೂ ಅಲ್ಲೇ. ಏಪ್ರಿಲ್ ಕೊನೆಯಲ್ಲಿ ಒಂದು ದಿನ ಬಿಸಿಲು ಸರಿಯಾಗಿ ಕಾದರೆ ಸಾಕು, ಆ ದಿಮ್ಮಿಗಳ ಒಳಗೆ ಮಲಗಿರುವ ದುಂಬಿಗಳು ಎದ್ದು ಒಂದು ಚರಂಡಿ ದಾಟಬೇಕು, ಅಷ್ಟೇ. ಬೇಸಿಗೆಗೆ ತೋಪು ಇರುವುದಿಲ್ಲ.

ದೂರು ಕೊಡಬಹುದಿತ್ತು. ಕಚೇರಿಯಿಂದ ನೋಟೀಸು ಬರುವಷ್ಟರಲ್ಲಿ ಹುಳುವಿಗೆ ಮೊಮ್ಮಕ್ಕಳಾಗಿರುತ್ತವೆ. ಅದೂ ಅಲ್ಲದೆ ಚಳಿಗಾಲದಲ್ಲಿ ನಮ್ಮ ಅಂಗಳದ ಹಿಮ ತಳ್ಳುವುದು ವೆಂಡಾ ಮಾವನ ಟ್ರ್ಯಾಕ್ಟರೇ. ನನ್ನ ಗಂಡ ರಾದಿಮ್ ವಾರವಿಡೀ ಆಸ್ಟ್ರಿಯಾದಲ್ಲಿ ಲಾರಿ ಓಡಿಸುತ್ತಾನೆ. ಬೆಳಿಗ್ಗೆ ಆರಕ್ಕೆ ನಾನು ಶಾಲೆಯ ಅಡುಗೆಮನೆಯಲ್ಲಿರಬೇಕು. ದೂರು ಕೊಟ್ಟವಳು ಸಲಿಕೆಯನ್ನೂ ಹಿಡಿಯಬೇಕಾಗುತ್ತದೆ.

ಹೀಗಿರುವಾಗ ಒಂದು ಶನಿವಾರ ಅತ್ತೆ ಕೂಗಿದರು.

"ಇವೊನಾ! ಈ ಗಸಗಸೆ ನಡೀತಿದೆ ಕಣೇ!"

ಅತ್ತೆ ಬ್ಲಾಝೆನಾ ಬನ್ನಿಗೆ ಗಸಗಸೆ ಹೂರಣ ತುಂಬುತ್ತ ಒಲೆಯ ಪಕ್ಕ ಕೂತಿದ್ದರು. ಕನ್ನಡಕ ಎಂದಿನಂತೆ ಹಣೆಯ ಮೇಲಿತ್ತು. ನೋಡಿದರೆ ಹಲಗೆಯ ಮೇಲೆ, ಹಿಟ್ಟಿನ ಪುಡಿಯಲ್ಲಿ ದಾರಿ ಕೊರೆಯುತ್ತ, ಕಂದು ದುಂಬಿಗಳು ಸಾಲಾಗಿ ಹೊರಟಿದ್ದವು. ನಡುವೆ ಒಂದು ಸುಸ್ತಾಗಿ ನಿಂತಿತ್ತು.

ಸಾಲು ಶುರುವಾದದ್ದು ಸೌದೆ ಪೆಟ್ಟಿಗೆಯಲ್ಲಿ. ಪೆಟ್ಟಿಗೆಯಲ್ಲಿ ತೊಗಟೆ ಸಮೇತ ಒಂದು ದಪ್ಪ ಸ್ಪ್ರೂಸ್ ತುಂಡು.

"ಇದು ನಮ್ಮದಲ್ಲ," ಎಂದೆ.

ಅತ್ತೆ ಹಿಟ್ಟು ನಾದತೊಡಗಿದರು. ನಾದಿದ್ದನ್ನೇ ನಾದಿದರು.

"ಅತ್ತೆ."

"ನಮ್ಮ ಸೌದೆ ಒದ್ದೆಯಾಗಿತ್ತು ಕಣೇ. ಆ ವೆಂಡಾನದು ಅಲ್ಲೇ ಬಿದ್ದಿತ್ತು. ತುದೀಲಿ ಒಂದು ಚೂರು. ಸ್ಕೂಲಲ್ಲಿ ನನ್ನ ಜಡೆ ಇಂಕಿಗೆ ಅದ್ದಿದವನು ಅವನು. ಅದರ ಬಾಬ್ತು ಇನ್ನೂ ತೀರಿಲ್ಲ."

ದುಂಬಿಗಳನ್ನು ಹಿಡಿದು ಜಾಡಿಗೆ ಹಾಕಿ ಮುಚ್ಚಳ ಬಿಗಿದು ನೇರ ವೆಂಡಾ ಮಾವನ ಮನೆಗೆ ಹೋದೆ. ಅವರು ಜಾಡಿಯನ್ನು ಕಿಟಕಿಗೆ ಹಿಡಿದು ನೋಡಿದರು. ದುಂಬಿಗಳು ಒಳ್ಳೆ ಹುರುಪಿನಲ್ಲಿ ಗಾಜು ಹತ್ತಿ ಜಾರುತ್ತಿದ್ದವು.

"ಜೀವಂತವಾಗಿವೆ," ಎಂದರು. "ಎಲ್ಲಿ ಸಿಕ್ವು?"

ನನಗೆ ಅಲ್ಲಿಯವರೆಗೆ ಅದು ಹೊಳೆದಿರಲಿಲ್ಲ. ನಿಮ್ಮ ದಿಮ್ಮಿಯಲ್ಲಿ ಎಂದರೆ, ಆ ದಿಮ್ಮಿ ನಮ್ಮ ಒಲೆಯ ಪಕ್ಕಕ್ಕೆ ಹೇಗೆ ಬಂತು ಎಂದೂ ಹೇಳಬೇಕು.

"ಅಡುಗೆಮನೇಲಿ," ಎಂದೆ.

"ಅಯ್ಯೋ ಪಾಪ. ಹಂಗಾದ್ರೆ ನಿಮ್ಮ ತೋಪಿಗೆ ಆಗಲೇ ಬಿದ್ದಿದೆ ಅಂತಾಯ್ತು. ಮೊದಲು ನಿಮ್ಮದು ನೋಡ್ಕೊಳ್ರಮ್ಮ. ನನ್ನ ಮರಕ್ಕೆ ಹಾರಿ ಬಂದಾವು!" ಎಂದು ಜಾಡಿಯನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟರು.

ಮನೆಗೆ ಬಂದು ಜಾಡಿಯನ್ನು ಮೇಜಿನ ಮೇಲೆ ಕುಕ್ಕಿದೆ. ಅತ್ತೆ ಎಲ್ಲವನ್ನೂ ಕೇಳಿ, "ಕಳ್ಳತನ ಮಾಡಿದ ಮರ ಸಾಕ್ಷಿಗೆ ಬರಲ್ಲ. ಅವನೇ ಕೈಯಾರೆ ಕೊಟ್ಟ ಮರ ಆದ್ರೆ ಬರುತ್ತೆ," ಎಂದರು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಫೆಬ್ರವರಿಯಲ್ಲಿ ಅಗ್ನಿಶಾಮಕ ದಳದ ಬಾಲ್, ಅಂದರೆ ವರ್ಷದ ನೃತ್ಯಕೂಟ, ಇತ್ತು. ಊರಿನ ಸಭಾಂಗಣದಲ್ಲಿ ಬ್ಯಾಂಡು, ಕುಣಿತ, ಲಾಟರಿಗೆ ಬಹುಮಾನವಾಗಿ ಅರ್ಧ ಹಂದಿ. ಅಡುಗೆ ಮತ್ತು ಅಲಂಕಾರ ಪ್ರತಿ ವರ್ಷವೂ ನನ್ನ ತಲೆಗೇ ಬರುವುದು. ಸಭಾಂಗಣ ಹಳೆಯದು, ಗೋಡೆ ದಪ್ಪ. ಶನಿವಾರ ಬೆಚ್ಚಗಾಗಬೇಕಾದರೆ ಗುರುವಾರವೇ ಒಲೆ ಹೊತ್ತಿಸಬೇಕು.

ಮರುದಿನ ಬಿಸಿ ಬನ್ನುಗಳನ್ನು ಕಟ್ಟಿಕೊಂಡು ವೆಂಡಾ ಮಾವನ ಮನೆಗೆ ಹೋದೆ.

"ಮಾವ, ಬ್ರೆಝೊವ್ಕಾದವರು ಈ ಸಲ ಬಾಲ್‌ಗೆ ವೇದಿಕೆ ಮೇಲೆ ನಿಜವಾದ ಮರ ನಿಲ್ಲಿಸಿದ್ರಂತೆ. ನಮ್ಮದು ಇನ್ನೂ ಬಣ್ಣದ ಕಾಗದ. ಜನ ಆಡ್ಕೋತಿದಾರೆ."

ಬ್ರೆಝೊವ್ಕಾ ಎಂದರೆ ಪಕ್ಕದೂರು. ಅಗ್ನಿಶಾಮಕ ದಳಗಳ ಪಂಪು ಎಳೆಯುವ ಸ್ಪರ್ಧೆಯಲ್ಲಿ ಮೂರು ವರ್ಷದಿಂದ ನಮ್ಮವರನ್ನು ಸೋಲಿಸುತ್ತಿರುವ ಊರು. ಮಾವನ ಮೀಸೆ ನಿಮಿರಿತು.

"ಎಂಥಾ ಮರ?"

"ಪುಟ್ಟ ಪುಟ್ಟವು. ಕೋಲಿನ ಥರ."

"ಕೋಲು!" ಎಂದರು ಮಾವ, ಬನ್ನು ಕಚ್ಚುತ್ತ. "ನಾನು ಕೊಡ್ತೀನಿ ದಿಮ್ಮಿ. ವೇದಿಕೆಗೆ ಕಮಾನು ಕಟ್ಟೋಣ. ಕೂರೋಕೆ ಬೆಂಚು ಮಾಡೋಣ."

"ತೊಗಟೆ ಸುಲಿದು ಕೊಡ್ತೀರಾ?"

"ಯಾಕೆ ಸುಲೀಬೇಕು? ತೊಗಟೆ ಇದ್ರೇನೇ ಕಾಡು ಕಾಡಿನ ಹಾಗೆ ಕಾಣೋದು!"

"ನೀವು ಹೇಳಿದ ಮೇಲೆ ಆಯ್ತು ಬಿಡಿ," ಎಂದೆ.

ಬುಧವಾರ ಅವರ ರಿಪೇರಿಯಾದ ಟ್ರ್ಯಾಕ್ಟರು ಊರಿನ ಮಧ್ಯದಲ್ಲಿ ದಿಮ್ಮಿಗಳ ಮೆರವಣಿಗೆ ತಂದಿತು. ಊರೆಲ್ಲ ನೋಡಿತು, ನನಗೆ ಬೇಕಿದ್ದದ್ದೂ ಅದೇ. ನನ್ನ ಎಣಿಕೆ ಇಷ್ಟೇ: ಶನಿವಾರದ ಹೊತ್ತಿಗೆ ಹತ್ತಿಪ್ಪತ್ತು ದುಂಬಿ ಎದ್ದು ಕಮಾನಿನ ಮೇಲೆ ಓಡಾಡುತ್ತವೆ. ಮಾವನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ತೋರಿಸುತ್ತೇನೆ. ಮರ್ಯಾದೆಯೂ ಉಳಿಯುತ್ತದೆ, ತೋಪೂ ಉಳಿಯುತ್ತದೆ. ಹೊರಗೆ ಹಾರಿದವು ಹಿಮದಲ್ಲಿ ಬೀಳುತ್ತವೆ, ಬಾಲ್ ಮುಗಿದ ಮೇಲೆ ದಿಮ್ಮಿಗಳು ಸಭಾಂಗಣದ ಒಲೆಗೆ ಹೋಗುತ್ತವೆ.

ಎಣಿಕೆಯಲ್ಲಿ ಅತ್ತೆ ಇರಲಿಲ್ಲ.

ಶನಿವಾರ ಸಂಜೆ ಸಭಾಂಗಣ ಹೋಳಿಗೆ ಹೆಂಚಿನ ಹಾಗೆ ಕಾದಿತ್ತು. ಹೆಂಗಸರು ಶಾಲು ತೆಗೆದರು, ಗಂಡಸರು ಕೋಟು ಬಿಚ್ಚಿದರು. ವೆಂಡಾ ಮಾವ ಮಾತ್ರ ದಳದ ಸಮವಸ್ತ್ರದಲ್ಲಿ, ಎದೆಯ ಮೇಲೆ ಪದಕಗಳನ್ನು ತೂಗಿಸಿಕೊಂಡು, ಕುತ್ತಿಗೆವರೆಗೆ ಗುಂಡಿ ಹಾಕಿ ನಿಂತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಆ ಸಮವಸ್ತ್ರಕ್ಕೆ ಪ್ರತಿ ವರ್ಷ ಇಸ್ತ್ರಿ ಹಾಕಿಕೊಡುವುದು ನಮ್ಮ ಅತ್ತೆಯೇ. ಈ ವರ್ಷವೂ ಹಾಕಿದ್ದರು.

ಮೊದಲ ದುಂಬಿ ಬ್ಯಾಂಡಿನ ದೊಡ್ಡ ಕಹಳೆಯ ಮೇಲೆ ಇಳಿಯಿತು. ಊದುವವನು ಅದನ್ನು ಬೆರಳಿನಿಂದ ಚಿಮ್ಮಿದ. ಎರಡನೆಯದು ಬಿಯರಿನ ನೊರೆಗೆ ಬಿತ್ತು. ಮೂರನೆಯದು ಲಾಟರಿಯ ಹಂದಿಯ ಮೂತಿಯ ಮೇಲೆ ಕೂತಿತು. ಆಮೇಲೆ ಎಣಿಸುವ ಕೆಲಸ ಉಳಿಯಲಿಲ್ಲ. ದೀಪಗಳ ಸುತ್ತ ಕಂದು ಚುಕ್ಕೆಗಳು ಸುತ್ತತೊಡಗಿದವು. ನಾನು ಮಾವನ ಕಡೆಗೆ ಹೊರಟೆ. ಅಷ್ಟರಲ್ಲಿ ಅವರು ಮೈಕು ಹಿಡಿದಾಗಿತ್ತು.

"ಯೆದ್ಲಿನಾದ ಬಂಧುಗಳೇ! ಹೋದ ವರ್ಷ ನಮ್ಮ ದಳ..."

ದುಂಬಿಯೊಂದು ಬಂದು ಎದೆಯ ಮೇಲೆ ಕೂತಿತು. ಇನ್ನೊಂದು ಬಂತು. ದೀಪ ಬಿಟ್ಟು, ಬಿಯರ್ ಬಿಟ್ಟು, ಹಂದಿಯನ್ನೂ ಬಿಟ್ಟು, ಎಲ್ಲವೂ ಒಂದೊಂದಾಗಿ ಮಾವನ ಎಡಜೇಬಿನ ಕಡೆಗೆ ಹಾರಿದವು. ನೋಡನೋಡುತ್ತಿದ್ದಂತೆ ಅವರ ಎದೆಯ ಮೇಲೆ ಸರ್ಕಾರ ಕೊಟ್ಟದ್ದಕ್ಕಿಂತ ಹೆಚ್ಚು ಪದಕಗಳಾದವು. ಇವು ಓಡಾಡುತ್ತಿದ್ದವು, ಅಷ್ಟೇ ವ್ಯತ್ಯಾಸ.

ನನಗೆ ನಮ್ಮ ಫ್ರೀಜರ್ ನೆನಪಾಯಿತು. ಹೋದ ಬೇಸಿಗೆ ಅರಣ್ಯಾಧಿಕಾರಿ ಹುಳು ಹಿಡಿಯುವ ಬೋನಿನ ಜೊತೆ ಎರಡು ಆಮಿಷದ ಪೊಟ್ಟಣ ಕೊಟ್ಟಿದ್ದರು. ಗಂಡುದುಂಬಿಗೆ ಒಳ್ಳೆಯ ಮರ ಸಿಕ್ಕಾಗ 'ಬನ್ನಿ, ಎಲ್ಲರೂ ಬನ್ನಿ, ಊಟ ಇದೆ' ಎಂದು ಬಿಡುವ ವಾಸನೆ ಅದರಲ್ಲಿರುತ್ತದೆ. ಉಳಿದ ಒಂದನ್ನು ಕೆಡದಿರಲೆಂದು ಬಟಾಣಿ ಮತ್ತು ಪ್ಲಮ್ ಕಡುಬಿನ ನಡುವೆ ಇಟ್ಟಿದ್ದೆ. ಬೆಳಿಗ್ಗೆ ಬಟಾಣಿ ತೆಗೆದಾಗ ಅದು ಅಲ್ಲಿರಲಿಲ್ಲ.

ಅತ್ತೆಯನ್ನು ಹುಡುಕಿದೆ. ಅವರು ತಲೆಯೆತ್ತಿ ಛಾವಣಿಯ ತೊಲೆಗಳನ್ನು ನೋಡುತ್ತಿದ್ದರು, ಚರ್ಚಿನಲ್ಲಿ ಕೂತವರ ಹಾಗೆ.

ಮಾವ ಅಲುಗಲಿಲ್ಲ. ಮೈಕಿನಲ್ಲಿ, "ಗಾಬರಿ ಬೇಡ. ಇವು ಸತ್ತ ಹುಳ," ಎಂದರು.

"ಸತ್ತಿದಾವೆ ಕಣೋ ವೆಂಡಾ," ಎಂದರು ಅತ್ತೆ ಹಿಂದಿನಿಂದ, "ಬ್ಯಾಂಡ್ ಕೇಳಿ ಕುಣಿಯೋಕೆ ಎದ್ದು ಬಂದಿದಾವೆ!"

ಸಭಾಂಗಣ ಬಿದ್ದುಬಿದ್ದು ನಕ್ಕಿತು. ಮಾವನ ಕಿವಿಗಳು ಕೆಂಪಾದವು. ಆದರೆ ನಾಯಕ ನಾಯಕನೇ. "ದಳ, ಎದ್ದು ನಿಲ್ಲಿ! ದಿಮ್ಮಿ ಎತ್ತಿ! ಹೊರಗೆ!" ಎಂದು ಗರ್ಜಿಸಿದರು. ಸಮವಸ್ತ್ರದ ಗಂಡಸರು ಕಮಾನು ಬಿಚ್ಚಿ, ಬೆಂಚು ಹೊತ್ತು, ಅಂಗಳದ ಹಿಮದಲ್ಲಿ ಗುಡ್ಡೆ ಹಾಕಿ ಬೆಂಕಿ ಹಚ್ಚಿದರು. ಬೆಂಕಿ ಆರಿಸುವವರೇ ಅಷ್ಟು ಉತ್ಸಾಹದಿಂದ ಬೆಂಕಿ ಹಚ್ಚಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಗೆದ್ದೆವು ಎಂದುಕೊಂಡೆ. ಸೋಮವಾರ ಗೊತ್ತಾಯಿತು, ಗೆದ್ದಿರಲಿಲ್ಲ. ಕೋಟು ಬಿಚ್ಚುವಾಗ ಜೇಬಿನಲ್ಲಿ ಪೊಟ್ಟಣ ಸಿಕ್ಕಿತ್ತು. ಮಾವ ಅದನ್ನು ಪಬ್ಬಿನ ಮೇಜಿನ ಮೇಲೆ, ಥರ್ಮಾಮೀಟರು ಇಟ್ಟಿದ್ದ ಜಾಗದಲ್ಲೇ, ಇಟ್ಟರಂತೆ.

"ನೋಡ್ರಪ್ಪ ಮೋಸಾನ! ಆಮಿಷ ಇಟ್ಟಿದ್ದು ಅವ್ರೇ ಅಂದ್ಮೇಲೆ ಹುಳ ತಂದಿದ್ದೂ ಅವ್ರೇ. ಜಾಡೀಲಿ ಸಾಕಿದ್ಲು ಇವೊನಾ. ನನಗೇ ತೋರಿಸಿದ್ಲು!"

ಊರು ನಂಬಿತು. ಯಾಕೆ ನಂಬಬಾರದು? ಕೇಳಿದರೆ ನಾನೇ ನಂಬುತ್ತಿದ್ದೆ.

"ಅತ್ತೆ, ನಾನು ಮೆಲ್ಲಗೆ ತೋರಿಸೋಣ ಅಂತಿದ್ದೆ. ನೀವು ಹಬ್ಬ ಮಾಡಿಬಿಟ್ರಿ."

"ಅವನ ಎದೆ ಮೇಲೆ ಎಷ್ಟು ಚೆನ್ನಾಗಿ ಕಾಣ್ತಿತ್ತು ಕಣೇ."

"ತೋಪು ಹೋದ್ರೆ ಏನು ಕಾಣುತ್ತೆ?"

ಅತ್ತೆಯ ನಗು ನಿಂತಿತು. ಕಿಟಕಿಯಾಚೆ ತೋಪಿನ ತುದಿಗಳು ಗಾಳಿಗೆ ತೂಗುತ್ತಿದ್ದವು. ಅವನ್ನು ನೆಡುವಾಗ ಸಸಿ ಹಿಡಿದುಕೊಂಡಿದ್ದವರು ಅತ್ತೆಯೇ. "ನಾನು ಹೋಗಿ ಅವನ ಕಾಲು ಹಿಡೀಲಾ?" ಎಂದರು ಸಣ್ಣ ದನಿಯಲ್ಲಿ. ಅವರ ಬಾಯಲ್ಲಿ ಅಂಥ ಮಾತು ನಾನು ಕೇಳಿರಲಿಲ್ಲ. ಬೇಡ ಎಂದೆ. ಕಾಲು ಹಿಡಿದರೆ ಮಾವನ ಮಾತು ಇನ್ನೂ ನಿಜವಾಗುತ್ತಿತ್ತು.

ಆ ವಾರ ಹಿಮ ಬಿತ್ತು. ಟ್ರ್ಯಾಕ್ಟರು ನಮ್ಮ ಗೇಟಿನವರೆಗೆ ಬಂದು, ಕೆಮ್ಮಿ, ತಿರುಗಿ ಹೋಯಿತು. ಕತ್ತಲಿರುವಾಗಲೇ ಎದ್ದು ಸಲಿಕೆ ಹಿಡಿದೆ. ಶಾಲೆಯ ಅಡುಗೆಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಮಾರ್ಚ್ ಬಂತು, ಸೂರಿನಿಂದ ನೀರು ತೊಟ್ಟಿಕ್ಕತೊಡಗಿತು. ಚರಂಡಿಯಾಚೆ ದಿಮ್ಮಿಗಳ ಮೇಲಿನ ಹಿಮ ಕರಗಿದಾಗಲೆಲ್ಲ ಏಪ್ರಿಲ್ ಕೊನೆಗೆ ಇನ್ನೆಷ್ಟು ದಿನ ಎಂದು ಕ್ಯಾಲೆಂಡರಿನಲ್ಲಿ ಎಣಿಸುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ವೆಂಡಾ ಮಾವ, ಟೋಪಿ ಕೈಯಲ್ಲಿ.

"ತೊಗಟೆ ಸುಲಿಯೋ ಸಲಿಕೆ ಇದ್ಯಾ? ನಂದರ ಹಿಡಿ ಮುರಿದಿದೆ."

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದು, ಕನ್ನಡಕ ಹಣೆಯಿಂದ ಇಳಿಸಿ, ಅವರ ಮೀಸೆಯಿಂದ ಏನನ್ನೋ ಹೆಕ್ಕಿದರು. ಅಂಗೈ ಮೇಲೆ ಇಟ್ಟು ತೋರಿಸಿದರು. ಅದು ನಡೆಯಿತು.

"ಬೆಳಿಗ್ಗೆ ಗಸಗಸೆ ಬನ್ನು ತಿಂದ್ಯಾ ವೆಂಡಾ?"

ಮಾವ ಟೋಪಿಯ ಒಳಗನ್ನೇ ನೋಡುತ್ತಿದ್ದರು. "ಅಡುಗೆಮನೆ ತುಂಬಾ ಇದೆ," ಎಂದರು.

ಹೋಗಿ ನೋಡಿದೆವು. ಪೊಟ್ಟಣವನ್ನು, ಸಾಕ್ಷಿ ಹಾಳಾಗಬಾರದೆಂದು, ಒಲೆಯ ಮೇಲಿನ ಗೂಡಿನಲ್ಲಿ ಒಂದು ಕಪ್ಪಿನಲ್ಲಿ ಇಟ್ಟಿದ್ದರು. ಒಲೆಯ ಪಕ್ಕ ಸೌದೆ ಪೆಟ್ಟಿಗೆ. ಅದರಲ್ಲಿ ಅವರ ರಾಶಿಯದ್ದೇ ತುಂಡುಗಳು, ತೊಗಟೆ ಸಮೇತ, ಬೆಚ್ಚಗೆ. ಪೆಟ್ಟಿಗೆಯಿಂದ ಗೋಡೆ, ಗೋಡೆಯಿಂದ ಗೂಡು, ಗೂಡಿನಿಂದ ಕಪ್ಪು: ದುಂಬಿಗಳು ರಸ್ತೆಯನ್ನೇ ಮಾಡಿಕೊಂಡಿದ್ದವು. ಕಪ್ಪಿನ ಬಣ್ಣ ಯಾವುದೆಂದು ಕಾಣುತ್ತಿರಲಿಲ್ಲ.

"ಯಾರೋ ಪಾಪ ತಂದು ಬಿಟ್ಟಿದಾರೆ," ಎಂದರು ಅತ್ತೆ. "ನಿನ್ನ ಬಾಗಿಲಿಗೆ ಚಿಲಕ ಇಲ್ವೇನೋ?"

ನಾನು ಅತ್ತೆಯ ತೋಳು ಒತ್ತಿದೆ. ಅವರು ಬಾಯಿ ಮುಚ್ಚಿದರು. ಕಷ್ಟಪಟ್ಟು ಮುಚ್ಚಿದರು.

"ಸಲಿಕೆ ಎರಡಿದೆ ಮಾವ," ಎಂದೆ. "ನಾನೂ ಬರ್ತೀನಿ."

"ಹುಳಕ್ಕಲ್ಲ," ಎಂದರು ಮಾವ ಗಂಟಲು ಸರಿಮಾಡಿಕೊಂಡು. "ಹುಳ ಸತ್ತಿದೆ. ಇದು ಯಾವ್ದೋ ಒಂದೆರಡು ಉಳ್ಕೊಂಡಿರೋದು. ನನಗೆ ಗುಲಾಬಿ ಬುಡಕ್ಕೆ ಹಾಸೋಕೆ ತೊಗಟೆ ಬೇಕಿತ್ತು, ಅದಕ್ಕೆ."

"ಗುಲಾಬಿಗೆ ಬೇರೆ ತಂದ್ಕೊಡ್ತೀನಿ. ಇದನ್ನ ಸುಡಬೇಕು. ಸುಲಿದು ನೆಲಕ್ಕೆ ಬಿಟ್ರೆ ತರಗೆಲೆ ಅಡೀಲಿ ಆರಾಮಾಗಿ ಮಲಗ್ತಾವೆ."

"ಸತ್ತಿರೋದನ್ನ ಸುಡೋದೇ ಸರಿ," ಎಂದು ಮಾವ ಒಪ್ಪಿದರು.

ಮಧ್ಯಾಹ್ನದ ಹೊತ್ತಿಗೆ ದಳದವರೂ ಬಂದರು, ನಾಯಕ ಕರೆದ ಮೇಲೆ ಬರದೆ ಏನು. ಎರಡು ಭಾನುವಾರ ಸುಲಿದೆವು. ತೊಗಟೆ ಉದ್ದುದ್ದ ಪಟ್ಟಿಗಳಾಗಿ ಕಳಚಿ ಬೀಳುತ್ತಿತ್ತು. ಒಳಗೆ ಹುಳು ಕೊರೆದ ಗೆರೆಗಳು, ಗೆರೆಗಳಲ್ಲಿ ಸತ್ತು ಸುಕ್ಕಾದ ಬಿಳಿ ಮರಿಗಳು, ಅವುಗಳ ಪಕ್ಕದಲ್ಲಿ ಕಾಲು ಮಡಚಿ ಮಲಗಿದ ಕಂದು ದುಂಬಿಗಳು. ಮಾವ ಬಿಳಿಯವನ್ನು ಎಲ್ಲರಿಗೂ ತೋರಿಸಿದರು. ಕಂದುಬಣ್ಣದವು ಸಿಕ್ಕಾಗ ಬೇಗಬೇಗ ಬೆಂಕಿಗೆ ಹಾಕಿದರು. ಅತ್ತೆ ಕುದಿಯುವ ಬೆಳ್ಳುಳ್ಳಿ ಸಾರು ತಂದು, ಮೊದಲ ಬಟ್ಟಲನ್ನು ಮಾವನಿಗೆ ಕೊಟ್ಟರು. ಅವರು ಕುಡಿಯುವ ಮೊದಲು ಬಟ್ಟಲಿನೊಳಗೆ ಬಹಳ ಹೊತ್ತು ನೋಡಿದರು.

ಮುಂದಿನ ಹಿಮಕ್ಕೆ ಟ್ರ್ಯಾಕ್ಟರು ಗೇಟಿನಲ್ಲಿ ಕೆಮ್ಮಲಿಲ್ಲ. ನೇರ ಒಳಗೆ ಬಂತು.

ಈಸ್ಟರ್ ಸೋಮವಾರ ಗಂಡಸರು ವಿಲೋ ಕಡ್ಡಿ ಹೆಣೆದ ಚಾಟಿ ಹಿಡಿದು ಮನೆಮನೆಗೆ ಹೋಗಿ ಹೆಂಗಸರ ಕಾಲಿಗೆ ತಟ್ಟಿ, ಬಣ್ಣದ ಮೊಟ್ಟೆ ಪಡೆಯುತ್ತಾರೆ. ವರ್ಷಗಳಿಂದ ಈ ಹಬ್ಬಕ್ಕೆ ನಮ್ಮ ಬಾಗಿಲಿಗೆ ಬರದಿದ್ದ ವೆಂಡಾ ಮಾವ ಬಂದರು. ಅತ್ತೆಗೆ ಹೂವಿನಷ್ಟು ಹಗುರಾಗಿ ತಟ್ಟಿದರು. ಅತ್ತೆ ಮೊಟ್ಟೆ ಕೊಟ್ಟರು. ಅದರ ಮೇಲೆ ಬಿಳಿ ಮೇಣದಲ್ಲಿ ಆರು ಕಾಲಿನ ಒಂದು ಪ್ರಾಣಿ ಬರೆದಿದ್ದರು. ಮಾವ ಅದನ್ನು ಜೇಬಿಗೆ ಹಾಕಿ, ಇನ್ನೊಂದು ಜೇಬಿನಿಂದ ಬಿಗಿಯಾಗಿ ಮುಚ್ಚಿದ ಡಬ್ಬಿ ತೆಗೆದು ನನ್ನ ಕೈಗಿಟ್ಟರು. ಒಳಗೆ ಪೊಟ್ಟಣ.

"ಸರಿಯಾದ ಜಾಗದಲ್ಲಿ ನೇತು ಹಾಕಮ್ಮ. ಇದು ಜೇಬಿಗೆ ಹಾಕೋ ವಸ್ತು ಅಲ್ಲ," ಎಂದರು, ಅತ್ತೆಯನ್ನು ನೋಡದೆ.

ಬೋನನ್ನು ತೋಪಿನಿಂದ ದೂರ, ಬೋಳು ಗುಡ್ಡದಲ್ಲಿ ನಿಲ್ಲಿಸಿದೆವು. ಏಪ್ರಿಲ್ ಕೊನೆಗೆ ಬಿಸಿಲು ಏರಿತು. ಪ್ರತಿ ಸಂಜೆ ಕೆಲಸದಿಂದ ಬಂದವಳೇ ಶೂ ಬಿಚ್ಚದೆ ತೋಪಿಗೆ ಹೋಗಿ ಒಂದೊಂದು ಮರದ ಬುಡವನ್ನೂ ಬಗ್ಗಿ ನೋಡಿದೆ. ದುಂಬಿ ಕೊರೆದರೆ ಬುಡದಲ್ಲಿ ನಶ್ಯದಂಥ ಕಂದು ಹುಡಿ ಬೀಳುತ್ತದೆ. ಮೇ ಮುಗಿಯಿತು. ಹುಡಿ ಇರಲಿಲ್ಲ. ಒಂದು ಮರದ ಬುಡದಲ್ಲಿ ಕಂಡಿತೆಂದು ಮಂಡಿಯೂರಿ ಕೂತೆ. ಅದು ಮಕ್ಕಳು ಅಡಗಿ ಕೂತು ತಿಂದ ಚಾಕೊಲೇಟ್ ಕೇಕಿನ ಪುಡಿ.

ಜೂನ್‌ನ ಮೊದಲ ಭಾನುವಾರ ಜಗ್ ಹಿಡಿದು ಪಬ್ಬಿಗೆ ಹೋದೆ. ವೆಂಡಾ ಮಾವ ತಮ್ಮ ಜಾಗದಲ್ಲಿದ್ದರು. ಥರ್ಮಾಮೀಟರು ಮೇಜಿನ ಮೇಲಿತ್ತು.

"ಬಂದ್ಲು ನೋಡಿ, ಕೇಳಿ ಅವಳನ್ನೇ!" ಎಂದರು ಎಲ್ಲರಿಗೂ ಕೇಳುವ ಹಾಗೆ. "ಇವೊನಾ, ನಿಮ್ಮ ತೋಪಿಗೆ ಈ ವರ್ಷ ಒಂದಾದ್ರೂ ಹುಳ ಬಿತ್ತಾ?"

"ಇಲ್ಲ ಮಾವ."

"ಮತ್ತೆ! ನಾನು ಜನವರೀಲೇ ಹೇಳ್ಲಿಲ್ವಾ? ಎಲ್ಲಾ ಚಳಿಗೆ ಸತ್ತಿದಾವೆ ಅಂತ!"

ಪಬ್ಬು ನನ್ನ ಮುಖ ನೋಡಿತು. ದಳದವರು ತಮ್ಮ ತಮ್ಮ ಗ್ಲಾಸಿನೊಳಗೆ ಇಣುಕಿದರು. ಅವರ ಅಂಗೈಗಳಲ್ಲಿ ಸಲಿಕೆಯ ಬೊಬ್ಬೆಯ ಗುರುತು ಇನ್ನೂ ಪೂರ್ತಿ ಮಾಸಿರಲಿಲ್ಲ. ತೆರೆದ ಕಿಟಕಿಯಾಚೆ, ಬೋಳು ಗುಡ್ಡದ ಕಿವಿಯ ಪಕ್ಕ, ನಮ್ಮ ತೋಪು ಹಸಿರಾಗಿ ನಿಂತಿತ್ತು.

"ಹೌದು ಮಾವ," ಎಂದೆ. "ನೀವು ಹೇಳಿದ್ರಿ."

ಜಗ್ ತುಂಬಿಸಿಕೊಂಡು ಮನೆಗೆ ಬಂದೆ. ಊಟಕ್ಕೆ ಕೂರುವ ಮೊದಲು ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಮುಂದಿನ ವರ್ಷ ಬಾಲ್‌ಗೂ ಅವನ ಕೋಟಿಗೆ ನಾನೇ ಇಸ್ತ್ರಿ ಹಾಕ್ತೀನಿ," ಎಂದರು.

ಹೊಸ ಆಮಿಷದ ಪೊಟ್ಟಣವಿದ್ದ ಫ್ರೀಜರಿಗೆ ನಾನು ಬೀಗ ಹಾಕಿಸಿದ್ದು ಆ ವಾರವೇ.